ಕರೆಂಟು ಚಾಕು ಮತ್ತು ಸಿಹಿನೀರಿನ ಮೀನು

ನಾನು ಬದುಕಿನಲ್ಲಿ ಅತಿ ಹೆಚ್ಚು ಕತ್ತರಿಸಿದ ಮೀನನ್ನು ನಮ್ಮ ಅಂಗಡಿ ಒಂದು ದಿನವೂ ಮಾರಲಿಲ್ಲ. ಅದು ಟ್ರೌಟ್. ನ್ಯೂಜಿಲೆಂಡಿನ ಸರೋವರ, ಹೊಳೆಗಳಲ್ಲಿ ಬೇಕಾದಷ್ಟು ಸಿಗುವ ಈ ಮೀನನ್ನು ಮಾರುವುದೂ ಕೊಳ್ಳುವುದೂ ಇಲ್ಲಿ ಕಾನೂನಿಗೆ ವಿರುದ್ಧ. ತಿನ್ನುವ ಆಸೆಯಿದ್ದವರು ಪರವಾನಗಿ ಪಡೆದು, ಚಳಿನೀರಿನಲ್ಲಿ ಸೊಂಟದವರೆಗೆ ನಿಂತು, ತಾವೇ ಗಾಳ ಹಾಕಬೇಕು. ಇಲ್ಲವೇ ಹಿಡಿದವರು ಯಾರಾದರೂ ಪ್ರೀತಿಯಿಂದ ಕೊಡಬೇಕು. ಹಿಡಿದು ತಂದದ್ದನ್ನು ಕತ್ತರಿಸಿ, ಬೇಕೆಂದವರಿಗೆ ಹೊಗೆಯಲ್ಲಿ ಬೇಯಿಸಿ ಕೊಡುವುದಷ್ಟೇ ನಮ್ಮ ಕೆಲಸ. ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿ, ನ್ಯೂ ನಾರ್ತ್ ರಸ್ತೆಗೆ ಬೆನ್ನು ಹಾಕಿದ ಒಂದು ಓಣಿಯಲ್ಲಿ ನಮ್ಮ ಅಂಗಡಿ. ಮುಂದೆ ಸಮುದ್ರದ ಮೀನಿನ ಮಾರಾಟ; ಹಿಂದಿನ ಕೋಣೆಯಲ್ಲಿ ನಾನು, ಒಂದು ಉದ್ದನೆಯ ಹಲಗೆ, ಒಂದು ಕರೆಂಟು ಚಾಕು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಕೇಳುವುದುಂಟು: ದಿನವಿಡೀ ಮೀನು ಕೊಯ್ಯುತ್ತ ನಿಂತರೆ ಬೇಜಾರಾಗುವುದಿಲ್ಲವೇ? ಕೈ ನೋಯುತ್ತದೆ, ಕಾಲು ಊದುತ್ತದೆ, ಬಸ್ಸಿನಲ್ಲಿ ಪಕ್ಕ ಕೂತವರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಇದೆಲ್ಲ ನಿಜ. ಬೇಜಾರು ಮಾತ್ರ ನನಗೆ ಆಗಲಿಲ್ಲ. ಯಾಕೆಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಈ ದೇಶಕ್ಕೆ ಬಂದದ್ದು ಗಂಡನ ಹಿಂದೆ. ಅವರು, ರಾಜಶೇಖರ್, ಮೈಸೂರಿನಲ್ಲಿ ತರಬೇತಾದ ನರ್ಸ್. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ನಾನು ಮೈಸೂರಿನ ಪಿಯು ಕಾಲೇಜೊಂದರ ಜೀವಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದೆ. ಕಪ್ಪೆ, ಜಿರಲೆ, ಎರೆಹುಳುಗಳನ್ನು ಟ್ರೇಯಲ್ಲಿ ಜೋಡಿಸಿಡುವುದು, ಮಕ್ಕಳು ಕೊಯ್ದು ಹೋದ ಮೇಲೆ ಬಳಿದು ತೆಗೆಯುವುದು. ಬಳಿಯುವ ಮೊದಲು ಸ್ವಲ್ಪ ಹೊತ್ತು ನಾನೂ ನೋಡುತ್ತಿದ್ದೆ. ಆಕ್ಲೆಂಡಿನಲ್ಲಿ ಆ ಅನುಭವಕ್ಕೆ ಯಾವ ಕಾಲೇಜೂ ಬಾಗಿಲು ತೆರೆಯಲಿಲ್ಲ. ಮೀನಿನ ಅಂಗಡಿಯ ಗಾಜಿನ ಮೇಲೆ ‘ಕೆಲಸಕ್ಕೆ ಜನ ಬೇಕು’ ಎಂಬ ಹಾಳೆ ಅಂಟಿಸಿತ್ತು. ಒಳಗೆ ಹೋದೆ.

ಮಾಲೀಕ ಬ್ಯಾರಿ. ಅಗಲ ಭುಜದ, ಕೆಂಪು ಕಿವಿಗಳ ಕಿವಿ. ಇಲ್ಲಿನವರನ್ನು ಕಿವಿ ಎಂದು ಕರೆಯುವುದು ಎಲ್ಲರಿಗೂ ಗೊತ್ತು, ಆದರೆ ಈ ಮಾತು ಕನ್ನಡದಲ್ಲಿ ಎಷ್ಟು ತಮಾಷೆಯಾಗಿ ಕೇಳುತ್ತದೆಂದು ಬ್ಯಾರಿಗೆ ನಾನು ಕೊನೆಯವರೆಗೂ ಬಿಡಿಸಿ ಹೇಳಲಾಗಲಿಲ್ಲ.

“ಚಾಕು ಹಿಡಿದು ಗೊತ್ತಾ?” ಎಂದು ಕೇಳಿದ. ನಾವು ಮಾತಾಡಿದ್ದು ಇಂಗ್ಲಿಷಿನಲ್ಲೇ.

“ಕಪ್ಪೆ ಕೊಯ್ದದ್ದನ್ನ ನೋಡಿ ಗೊತ್ತು” ಎಂದೆ.

ಅವನು ನನ್ನ ಹೆಸರು ಕೇಳಿಕೊಂಡು, “ಸೋಮವಾರ ಬಾ, ಸೂ” ಎಂದ. ಸುಮಿತ್ರಾ ಎಂಬ ಹೆಸರು ಅವನ ಬಾಯಲ್ಲಿ ಅಲ್ಲಿಗೇ ನಿಂತಿತು.

ಮೊದಲು ಎಲ್ಲ ಕೈಚಾಕುವಿನಲ್ಲೇ ನಡೆಯುತ್ತಿತ್ತು. ಬ್ಯಾರಿಗೆ ಬೆರಳುಗಳ ಸಂಧಿವಾತ ಶುರುವಾದಾಗ, ಕೆನಡಾದಲ್ಲಿದ್ದ ಅವನ ಭಾವಮೈದ ಒಂದು ಕರೆಂಟು ಚಾಕು ಕಳುಹಿಸಿದ. ಆ ಕಡೆಯ ಸರೋವರಗಳಲ್ಲಿ ಮೀನು ಹಿಡಿಯುವವರು ಬಳಸುವಂಥದ್ದು. ಬ್ಯಾರಿ ಪೆಟ್ಟಿಗೆ ಬಿಚ್ಚಿದವನೇ ಪ್ಲಗ್ಗಿಗೆ ಒಂದು ಅಡಾಪ್ಟರ್ ಸಿಕ್ಕಿಸಿ, ನಮ್ಮೆಲ್ಲರನ್ನೂ ಕರೆದು, ಸ್ವಿಚ್ ಒತ್ತಿದ. ಕೆನಡಾದ ಕರೆಂಟು ಇಲ್ಲಿನದರ ಅರ್ಧ ಎಂಬುದು ಯಾರಿಗೂ ಹೊಳೆಯಲಿಲ್ಲ. ಚಾಕು ಒಮ್ಮೆ ಕಿರುಚಿ, ನೀಲಿ ಹೊಗೆ ಬಿಟ್ಟು, ತಣ್ಣಗಾಯಿತು. “ಹೊಗೆ ಹಾಕೋ ಅಂಗಡಿಗೆ ಸರಿಯಾದ ಉಡುಗೊರೆ” ಎಂದು ಅವನೇ ನಕ್ಕ. ಆಮೇಲೆ ಇಲ್ಲಿನ ಕರೆಂಟಿಗೆ ಹೊಂದುವ ಇನ್ನೊಂದನ್ನು ಕೊಂಡು ತಂದ. ಅದೇ ಎಷ್ಟೋ ವರ್ಷ ನನ್ನ ಕೈಯಲ್ಲಿದ್ದದ್ದು.

ನೋಡದವರಿಗಾಗಿ ಹೇಳುತ್ತೇನೆ. ಅದರಲ್ಲಿ ಇರುವುದು ಒಂದು ಅಲಗಲ್ಲ, ಎರಡು. ಗರಗಸದ ಹಲ್ಲಿನ ಎರಡು ತೆಳು ಅಲಗುಗಳು ಮೈಗೆ ಮೈ ತಾಗಿಸಿಕೊಂಡು, ಒಂದು ಮುಂದೆ ಹೋದಾಗ ಇನ್ನೊಂದು ಹಿಂದೆ ಬರುತ್ತವೆ. ಹಿಡಿಯ ಕೆಳಗಿನ ಗುಂಡಿ ಒತ್ತಿದರೆ ಚಲನೆ, ಬಿಟ್ಟರೆ ನಿಲುಗಡೆ. ಕಿವಿರಿನ ಹಿಂದೆ, ರೆಕ್ಕೆಯ ಬುಡದಲ್ಲಿ ಓರೆಯಾಗಿ ಇಳಿಸಬೇಕು. ಬೆನ್ನುಮೂಳೆ ತಾಗಿದ ತಕ್ಷಣ ಅಲಗನ್ನು ಬಾಲದ ಕಡೆಗೆ ಮಲಗಿಸಿ, ಮೂಳೆಯ ಮೇಲೆ ಜಾರಿಸಿಕೊಂಡು ಹೋಗಬೇಕು. ಬಾಲ ಮುಟ್ಟುವ ಮೊದಲು ನಿಲ್ಲಿಸಿ, ಮಾಂಸವನ್ನು ಪುಸ್ತಕದ ಪುಟದಂತೆ ಆಚೆಗೆ ಮಗುಚಿ, ಚರ್ಮಕ್ಕೂ ಮಾಂಸಕ್ಕೂ ನಡುವೆ ಮತ್ತೊಮ್ಮೆ ಓಡಿಸಬೇಕು. ಹೊಗೆಗೆ ಹಾಕುವ ಮೀನಾದರೆ ಚರ್ಮ ತೆಗೆಯುವಂತಿಲ್ಲ. ಹೊಗೆಯ ಗೂಡಿನಲ್ಲಿ ಮಾಂಸವನ್ನು ಹಿಡಿದಿಡುವುದೇ ಅದು.

ನನ್ನ ಮೊದಲ ಮೀನಿನಲ್ಲಿ ಅಲಗು ಬೆನ್ನುಮೂಳೆಯನ್ನೇ ಸೀಳಿಕೊಂಡು ಆಚೆ ಬಂತು. ಕೈಚಾಕುವಾದರೆ ಮೂಳೆ ತಡೆಯುತ್ತದೆ, ಕೈಗೆ ಗೊತ್ತಾಗುತ್ತದೆ. ಇದಕ್ಕೆ ಮೂಳೆಯೂ ಒಂದೇ, ಮಾಂಸವೂ ಒಂದೇ.

“ಒತ್ತಬೇಡ. ಅದರ ಪಾಡಿಗೆ ಬಿಡು. ಮತ್ತೆ, ಕೇಳಿಸ್ಕೋ” ಎಂದ ಬ್ಯಾರಿ.

“ಏನು ಕೇಳಿಸ್ಕೊಳ್ಳೋದು? ಬರೀ ಗುರ್ ಅಂತಿದೆ.”

“ಗುರ್ ಒಳಗೆ ಇನ್ನೊಂದಿದೆ.”

ಇತ್ತು. ಅಲಗು ಪಕ್ಕೆಲುಬುಗಳ ಮೇಲೆ ಹೋಗುವಾಗ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಟಕಟಕ ಸದ್ದು. ಪಕ್ಕೆ ದಾಟಿದರೆ ಸದ್ದು ನುಣುಪಾಗುತ್ತದೆ. ಬೆನ್ನುಮೂಳೆಯೊಳಕ್ಕೆ ಇಳಿಯತೊಡಗಿದರೆ ದನಿ ದಪ್ಪಗಾಗುತ್ತದೆ. ಆಗ ಅಲಗನ್ನು ಕೂದಲೆಳೆಯಷ್ಟು ಮೇಲೆತ್ತಬೇಕು. ಮನೆಯಲ್ಲಿ ಮಿಕ್ಸಿ ಹಾಕಿದರೂ ನಾನು ಕಿವಿ ನಿಮಿರಿಸುವಂತಾಗಿದ್ದೆ. ಈಗ ಬ್ಯಾಟರಿಯಲ್ಲಿ ನಡೆಯುವ ಚಾಕುಗಳು ಬಂದಿವೆ, ಸದ್ದು ಕಡಿಮೆ, ವೈರಿನ ತಾಪತ್ರಯವಿಲ್ಲ. ಹೊಸಬರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೊಯ್ಯುತ್ತಾರೆ. ಅವರ ಮೀನೂ ಚೆನ್ನಾಗಿಯೇ ಬರುತ್ತದೆ. ಹೇಗೆ ಬರುತ್ತದೆಂದು ನನಗೆ ತಿಳಿಯದು.

ನನ್ನನ್ನು ಆ ಹಲಗೆಯ ಮುಂದೆ ಹಿಡಿದು ನಿಲ್ಲಿಸಿದ್ದು ಮಾತ್ರ ಚಾಕುವಲ್ಲ, ಮೀನಿನ ಹೊಟ್ಟೆ. ನಮ್ಮವರು ಯಾರೇ ಅಂಗಡಿಗೆ ಬಂದರೂ ಮೊದಲು ಕೇಳುತ್ತಿದ್ದದ್ದು, “ಉಂಗುರ ಏನಾದ್ರೂ ಸಿಕ್ತಾ ಸುಮಿತ್ರಾ ಆಂಟಿ?” ಎಂದು. ಉಂಗುರ ಒಮ್ಮೆಯೂ ಸಿಗಲಿಲ್ಲ. ಸಿಕ್ಕಿದ್ದನ್ನು ಹೇಳಿದರೆ ನಂಬಬೇಕು: ಬೇಸಿಗೆಯಲ್ಲಿ ರೆಕ್ಕೆ ಸಮೇತ ಜೀರುಂಡೆಗಳು, ಸಿಹಿನೀರಿನ ಸಣ್ಣ ಸೀಗಡಿಯಂಥ ಕೌರಾ, ಇನ್ನೊಬ್ಬರ ಗಾಳದ ಕೊಕ್ಕೆ, ಒಂದು ಸಿಗರೇಟಿನ ತುದಿ. ಒಂದು ಸಲ ಪೂರ್ತಿ ಇಲಿ. ಹೊಳೆ ಈಜಿ ದಾಟುತ್ತಿದ್ದ ಇಲಿಯನ್ನು ಟ್ರೌಟ್ ಮೇಲೆದ್ದು ನುಂಗಿತ್ತು. ನಾನು ಅದನ್ನು ಬದಿಗಿಟ್ಟು, ಮೀಸೆ, ಬಾಲ ಎಲ್ಲ ಬಿಡಿಸಿ ನೋಡುತ್ತಿದ್ದಾಗ ಬ್ಯಾರಿ ಹಿಂದೆ ಬಂದು ನಿಂತ.

“ಏನು ಮಾಡ್ತಿದ್ದೀಯ?”

“ನೋಡ್ತಿದ್ದೀನಿ.”

“ಯಾಕೆ?”

ಅದಕ್ಕೆ ಮುಂದೆ ಉತ್ತರ ಕೊಟ್ಟವನು ಒಬ್ಬ ಗಿರಾಕಿ. ಅವನ ಹೆಸರು ಕೆನ್. ನಿವೃತ್ತ ಮೇಷ್ಟ್ರು, ಉದ್ದ ಕಾಲು, ಮಾತು ಕಡಿಮೆ. ವಾರಕ್ಕೊಮ್ಮೆ ರೊಟೊರುವಾ ಕಡೆಯ ಸರೋವರಕ್ಕೆ ಹೋಗುತ್ತಿದ್ದ. ಒಂದು ಬೇಸಿಗೆ ಅವನಿಗೆ ಏನೂ ಬೀಳುತ್ತಿರಲಿಲ್ಲ. ಒಂದೇ ಒಂದು ಬಡಕಲು ಮೀನು ತಂದು ಹಲಗೆಯ ಮೇಲೆ ಬೇಸರದಿಂದ ಇಟ್ಟ. ನಾನು ಹೊಟ್ಟೆ ಬಿಡಿಸಿ, “ನೀವು ಯಾವ ಗಾಳ ಹಾಕ್ತಿದ್ದೀರಿ?” ಎಂದೆ. ಅವನು ಸಣ್ಣ ಬೆಳ್ಳಿ ಮೀನಿನ ಆಕಾರದ್ದನ್ನು ತೋರಿಸಿದ. ನಾನು ಮೀನಿನ ಹೊಟ್ಟೆಯಿಂದ ತೆಗೆದದ್ದನ್ನು ತೋರಿಸಿದೆ: ಬರೀ ಗಟ್ಟಿ ಓಡಿನ ಹಸಿರು ಹುಳುಗಳು, ಮಿರಮಿರ ಹೊಳೆಯುವಂಥವು. ಆ ವಾರ ಅಲ್ಲಿನ ಮೀನುಗಳೆಲ್ಲ ಅದನ್ನೇ ತಿನ್ನುತ್ತಿದ್ದವು. ಮುಂದಿನ ವಾರ ಕೆನ್ ಹಸಿರು ಗಾಳ ಕಟ್ಟಿಕೊಂಡು ಹೋದ. ಬಂದಾಗ ಅವನ ಐಸ್ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ.

ಆಮೇಲೆ ಮೀನು ಹಿಡಿಯುವವರೆಲ್ಲ ಹೊಟ್ಟೆ ತೆಗೆಯದೆಯೇ ಮೀನು ತರತೊಡಗಿದರು. “ಸೂ, ಇದು ಏನು ತಿಂದಿದೆ ನೋಡು” ಎನ್ನುತ್ತ ಹಲಗೆಯ ಸುತ್ತ ನಿಲ್ಲುತ್ತಿದ್ದರು. ಬ್ಯಾರಿ ಗೊಣಗುತ್ತ ನನಗೆ ಇನ್ನೊಂದು ದೀಪ ಹಾಕಿಸಿಕೊಟ್ಟ.

ಬ್ಯಾರಿಯ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಅವನು ಒಳ್ಳೆಯ ಮಾಲೀಕ, ಅರ್ಧ ಮಾತ್ರ ಕೇಳಿಸಿಕೊಳ್ಳುವ ಮಾಲೀಕ. ಒಂದು ಬೆಳಿಗ್ಗೆ ಮನುಕಾವ್‌ನಿಂದ ಒಬ್ಬ ಗಿರಾಕಿ ಬಂದು ದೊಡ್ಡದೊಂದು ಟ್ರೌಟನ್ನು ಬ್ಯಾರಿಯ ಕೈಗೆ ಕೊಟ್ಟ. ಅಂಥ ಮೀನನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬೆನ್ನಿಗೆ ಹಿತ್ತಾಳೆಯ ಬಣ್ಣ, ಮೈಯುದ್ದಕ್ಕೂ ಗುಲಾಬಿ ಪಟ್ಟೆ, ದವಡೆ ಕೊಕ್ಕೆಯಂತೆ ಮೇಲಕ್ಕೆ ಬಾಗಿತ್ತು. ಬ್ಯಾರಿಗೆ ಅಷ್ಟರಲ್ಲೇ ಹಿಂದಿನ ದಿನದ ರಗ್ಬಿ ಪಂದ್ಯ ನೆನಪಾಯಿತು. ಗಿರಾಕಿ ಹೇಳಿದ್ದು, “ಮಧ್ಯಾಹ್ನದವರೆಗೆ ತಣ್ಣಗೆ ಇಟ್ಟಿರು, ಮೀನಿಗೆ ಹುಲ್ಲು ತುಂಬುವವನ ಹತ್ತಿರ ತಗೊಂಡು ಹೋಗ್ತೀನಿ, ಗೋಡೆಗೆ ಹಾಕಿಸ್ಬೇಕು” ಎಂದು. ಬ್ಯಾರಿ ಕೇಳಿಸಿಕೊಂಡದ್ದು, “ಮಧ್ಯಾಹ್ನ ಬರ್ತೀನಿ” ಎಂಬುದನ್ನು ಮಾತ್ರ.

ಇಷ್ಟು ದೊಡ್ಡ ಮೀನು ನನ್ನ ಕೈಗೆ ಯಾಕೆ ಕೊಡಬೇಕೆಂದು ತಾನೇ ಚಾಕು ಎತ್ತಿಕೊಂಡ. ಒಂದು ಮಗ್ಗುಲನ್ನು ತೆಗೆದು, ಹೆಮ್ಮೆಯಿಂದ ಎತ್ತಿ ತೋರಿಸುತ್ತಿದ್ದ. ಅಷ್ಟರಲ್ಲಿ ಆ ಗಿರಾಕಿ ಮನಸ್ಸು ತಡೆಯದೆ ಬೇಗನೇ ಬಂದುಬಿಟ್ಟ. ಹಲಗೆ ನೋಡಿದ. ಬ್ಯಾರಿಯ ಕೈಯಲ್ಲಿ ಚಾಕು ಇನ್ನೂ ಗುರ್ ಎನ್ನುತ್ತಲೇ ಇತ್ತು. ನಾನು ಹೋಗಿ ಪ್ಲಗ್ ಕಿತ್ತೆ.

“ನನ್ನ ಅಪ್ಪ ಇಡೀ ಜೀವನ ಇಂಥದ್ದೊಂದಕ್ಕೆ ಕಾದ್ರು” ಎಂದ ಆ ಮನುಷ್ಯ, ತುಂಬ ಮೆಲ್ಲಗೆ. ಕೂಗಿದ್ದರೆ ಇನ್ನೂ ಸುಲಭವಾಗುತ್ತಿತ್ತು.

ಬ್ಯಾರಿಯ ಕಿವಿಗಳು ಬೆಳ್ಳಗಾಗಿದ್ದವು. ಕ್ಷಮೆ ಕೇಳಿದ, ಮತ್ತೆ ಕೇಳಿದ. ನಾನು ಮೀನನ್ನು ನೋಡುತ್ತ ನಿಂತೆ. ತಲೆ ಹಾಗೇ ಇತ್ತು. ಬಾಲ ಹಾಗೇ ಇತ್ತು. ಅದನ್ನು ಮೆತ್ತಗೆ ಮಗುಚಿದೆ. ಇನ್ನೊಂದು ಮಗ್ಗುಲಿಗೆ ಅಲಗು ತಾಗಿಯೇ ಇರಲಿಲ್ಲ. ಗುಲಾಬಿ ಪಟ್ಟೆ, ಚುಕ್ಕೆ, ಪೊರೆ ಒಂದೂ ಕದಲಿರಲಿಲ್ಲ.

“ಗೋಡೆಗೆ ಹಾಕಿದ್ರೆ ಒಂದು ಮಗ್ಗುಲು ತಾನೇ ಕಾಣೋದು?” ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ಗಿರಾಕಿ ಫೋನು ತೆಗೆದು ಹುಲ್ಲು ತುಂಬುವವನನ್ನೇ ಕೇಳಿದ. ಅವನು ಆ ಕಡೆಯಿಂದ ಹೇಳಿದ್ದು ನಮಗೂ ಕೇಳಿಸಿತು: ಗೋಡೆಯ ಕಡೆಯ ಮಗ್ಗುಲನ್ನು ತಾನೂ ಕೊಯ್ದೇ ಒಳಗಿನದನ್ನು ತೆಗೆಯುವುದು, ಆ ಚರ್ಮ ಇಲ್ಲದಿದ್ದರೂ ನಡೆಯುತ್ತದೆ, ಬೇಗ ತನ್ನಿ. ಆ ಮೀನಿನ ತಲೆ ಯಾವ ದಿಕ್ಕಿಗಿರಬೇಕು ಎಂಬ ಆಯ್ಕೆಯೊಂದು ಮಾತ್ರ ಗಿರಾಕಿಯ ಕೈ ತಪ್ಪಿತು. ಬ್ಯಾರಿ ಕೊಯ್ದ ಮಗ್ಗುಲನ್ನು ಹೊಗೆಗೆ ಹಾಕಿ ಅವನ ಮನೆಗೇ ತಲುಪಿಸಿ ಬಂದ. ಆವತ್ತಿನಿಂದ ಯಾರು ಮೀನು ಕೊಟ್ಟರೂ ಅವರು ಹೇಳಿದ್ದನ್ನು ಅವರ ಮುಂದೆಯೇ ಮತ್ತೊಮ್ಮೆ ಹೇಳಿ ಒಪ್ಪಿಸುವುದು ಅಂಗಡಿಯ ಪದ್ಧತಿಯಾಯಿತು. ನೀವೂ ಹಾಗೇ ಮಾಡಿ.

ಇನ್ನು ಮುಳ್ಳಿನ ವಿಷಯ. ಈ ಕೆಲಸದಲ್ಲಿ ಕಷ್ಟ ಇರುವುದೆಲ್ಲ ಅಲ್ಲೇ.

ಒಂದು ಚಳಿಗಾಲದಲ್ಲಿ ಕೆನ್ ಎಷ್ಟೋ ವಾರ ಕಾಣಲಿಲ್ಲ. ಬಂದಾಗ ಮುಖ ಬತ್ತಿಹೋಗಿತ್ತು. ಹೆಂಡತಿ ಮಾರ್ಗರೆಟ್‌ಗೆ ಪಾರ್ಶ್ವವಾಯು ಹೊಡೆದಿತ್ತು. ಎಡಗೈ ಸೋತಿತ್ತು, ಮಾತು ತೊದಲುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನುಂಗುವುದು ಕಷ್ಟವಾಗಿತ್ತು. ಆಸ್ಪತ್ರೆಯವರು ಮೆತ್ತಗೆ ಅರೆದದ್ದನ್ನೇ ಕೊಡಿ ಎಂದಿದ್ದರು. ಆಕೆ ಅದನ್ನು ಬಾಯಿಗೆ ಇಡುತ್ತಿರಲಿಲ್ಲ. ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಳು.

“ನಾನು ಹಿಡಿದ ಟ್ರೌಟ್ ಆದ್ರೆ ತಿಂತಾಳಂತೆ. ಮೆತ್ತಗೆ ಬೇಯಿಸಿ ಮಸೆದು ಕೊಡಬಹುದು ಅಂದ್ರು. ಆದ್ರೆ ಒಂದೇ ಒಂದು ಮುಳ್ಳೂ ಇರಬಾರದು ಸೂ” ಎಂದ ಕೆನ್.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ತಿನ್ನುತ್ತಿದ್ದ ಅನ್ನ ಬಿಟ್ಟು ನನ್ನ ಕಡೆ ನೋಡಿದರು.

“ಹುಷಾರು ಕಣೇ. ನಮಗೆ ಗಂಟಲಲ್ಲಿ ಮುಳ್ಳು ಸಿಕ್ಕಿದ್ರೆ ಕೆಮ್ಮಿ ಉಗೀತೀವಿ. ಆಯಮ್ಮಂಗೆ ಕೆಮ್ಮೋಕೂ ಶಕ್ತಿ ಇರಲ್ಲ. ಶ್ವಾಸನಾಳಕ್ಕೆ ಹೋಯ್ತು ಅಂದ್ರೆ ಜೀವಕ್ಕೇ ಬರುತ್ತೆ.”

ಟ್ರೌಟಿನ ಪಕ್ಕೆಲುಬುಗಳನ್ನು ತೆಗೆಯುವುದು ದೊಡ್ಡ ಮಾತಲ್ಲ. ಅದರ ಮಾಂಸದ ನಡುವೆ ತಲೆಯಿಂದ ಹೊಟ್ಟೆಯ ಕೊನೆಯವರೆಗೆ ಸೂಜಿಯಂಥ ಮುಳ್ಳುಗಳ ಒಂದು ಸಾಲು ಇರುತ್ತದೆ. ಒಂದೊಂದನ್ನೇ ಚಿಮಟದಲ್ಲಿ ಹಿಡಿದು, ತಲೆಯ ಕಡೆಗೆ ಓರೆಯಾಗಿ ಎಳೆಯಬೇಕು. ಇಲ್ಲವೇ ಆ ಸಾಲನ್ನೇ ಪಟ್ಟಿಯಂತೆ ಕತ್ತರಿಸಿ ಬಿಸಾಡಬೇಕು. ಮಾರ್ಗರೆಟ್‌ಳ ಮೀನಿಗೆ ನಾನು ಪಟ್ಟಿಯನ್ನೇ ತೆಗೆಯುತ್ತಿದ್ದೆ. ಆದರೂ ಕರೆಂಟು ಚಾಕುವಿನ ಹಲ್ಲಿಗೆ ಸಿಕ್ಕಿ ತುಂಡಾದ ಚೂರುಗಳು ಎಲ್ಲೋ ಉಳಿದಿರಬಹುದು. ಅದಕ್ಕೆ ಬೆರಳೇ ಗತಿ. ಕಣ್ಣು ಮುಚ್ಚಿ, ತೋರುಬೆರಳನ್ನು ಮಾಂಸದ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದೆ. ಚುಚ್ಚಿದರೆ ಮುಳ್ಳು. ಹೀಗೆ ವಾರವಾರ ಕೊಟ್ಟೆ. ಆಕೆ ತಿಂದಳು. ಸ್ವಲ್ಪ ಗುಣವಾಗುತ್ತಿದ್ದಾಳೆಂದು ಕೆನ್ ಹೇಳಿದಾಗ, ಆ ಮೀನು ನಾನೇ ಹಿಡಿದಷ್ಟು ಖುಷಿಯಾಯಿತು.

ಒಂದು ದಿನ ಹಾಗೆ ಬೆರಳಾಡಿಸಿ, ಸರಿಯಾಗಿದೆ ಎಂದು ಕಾಗದದಲ್ಲಿ ಸುತ್ತಲು ಹೊರಟೆ. ಬ್ಯಾರಿ ಸುಮ್ಮನೆ ಒಮ್ಮೆ ಕೈಯಾಡಿಸಿದ. “ಇಲ್ಲೊಂದಿದೆ” ಎಂದು ಚಿಮಟ ಹಾಕಿ ಎಳೆದ. ಬಂತು. ನಾನು ಅದೇ ಜಾಗದ ಮೇಲೆ ಬೆರಳಾಡಿಸಿದ್ದೆ. ಚುಚ್ಚಿರಲಿಲ್ಲ. ಚುಚ್ಚಿದ್ದರೂ ಗೊತ್ತಾಗಿರಲಿಲ್ಲ. ಬೆರಳ ತುದಿಗಳಿಗೆ ಜೋಮು ಹಿಡಿದು ಎಷ್ಟು ದಿನವಾಗಿತ್ತೋ, ಚಳಿಗೆಂದುಕೊಂಡಿದ್ದೆ. ಬೆಳಿಗ್ಗೆ ಲೋಟ ಜಾರುತ್ತಿತ್ತು, ಕುಪ್ಪಸದ ಗುಂಡಿ ಸಿಗುತ್ತಿರಲಿಲ್ಲ. ಗುರುಗುಟ್ಟುವ ಚಾಕು ವರ್ಷಗಟ್ಟಲೆ ಕೈಯನ್ನು ನಡುಗಿಸಿ, ಬೆರಳುಗಳನ್ನು ಒಳಗೊಳಗೇ ಮರಗಟ್ಟಿಸಿತ್ತು.

ಕೆನ್ ಮುಂದುಗಡೆ ಕಾಯುತ್ತಿದ್ದ. ಹೋಗಿ ಹೇಳಿದೆ: “ಇವತ್ತು ಕೊಡೋಕಾಗಲ್ಲ.”

“ಯಾಕೆ? ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಇದಕ್ಕೇ ಕಾಯ್ತಿದ್ದಾಳೆ.”

“ನನ್ನ ಬೆರಳಿಗೆ ಮುಳ್ಳು ಗೊತ್ತಾಗ್ತಿಲ್ಲ.”

ಅವನು ಬ್ಯಾರಿಯ ಕಡೆ ನೋಡಿದ. ಬ್ಯಾರಿ ತನ್ನ ಸೊಟ್ಟಗಾದ ಬೆರಳುಗಳನ್ನು ಎತ್ತಿ ತೋರಿಸಿ ತಲೆಯಾಡಿಸಿದ. ಒಂದು ಸಿಕ್ಕಿದ್ದು ಅದೃಷ್ಟ, ಎಲ್ಲ ಸಿಗುತ್ತವೆಂಬ ಭರವಸೆ ಅವನಿಗೂ ಇರಲಿಲ್ಲ. ಕೆನ್ ಸಿಟ್ಟಾಗಲಿಲ್ಲ. ಖಾಲಿ ಕೈಯಲ್ಲಿ ಕಾರಿನವರೆಗೆ ನಡೆದು, ಬಾಗಿಲು ತೆರೆದು, ಒಳಗೆ ಕೂರದೆ ಅಲ್ಲೇ ನಿಂತಿದ್ದ. ಗಾಜಿನಾಚೆ ಅದನ್ನು ನೋಡುವುದು ನನಗಾಗಲಿಲ್ಲ.

ಸಂಜೆ ಗಂಡನ ಮುಂದೆ ಅತ್ತೆ. ಅವರು ಮೊದಲು ನನ್ನ ಕೈ ಹಿಡಿದು, ಮಣಿಕಟ್ಟಿನ ಮೇಲೆ ತಟ್ಟಿ, “ಜುಂ ಅಂತಿದೆಯಾ? ಡಾಕ್ಟರಿಗೆ ತೋರಿಸ್ಬೇಕು ಇದನ್ನ” ಎಂದರು. ಆಮೇಲೆ ಕೇಳಿದರು:

“ಬೆರಳಿಗೆ ಸಿಗದೇ ಇದ್ರೆ ಕಣ್ಣಿಗೆ ಸಿಗಬೇಕು ತಾನೇ?”

“ಮಾಂಸದೊಳಗೆ ಇರೋದು ಕಣ್ಣಿಗೆ ಹೇಗ್ರೀ ಕಾಣುತ್ತೆ?”

“ಎಕ್ಸ್‌ರೇ ಫಿಲ್ಮ್ ಹೆಂಗೆ ನೋಡ್ತಿದ್ವಿ?”

ಆಸ್ಪತ್ರೆಯಲ್ಲಿ ಎಕ್ಸ್‌ರೇಗಳೆಲ್ಲ ಕಂಪ್ಯೂಟರಿಗೆ ಬಂದಮೇಲೆ, ಫಿಲ್ಮ್ ಸಿಕ್ಕಿಸಿ ನೋಡುತ್ತಿದ್ದ ಬೆಳಕಿನ ಪೆಟ್ಟಿಗೆಗಳು ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಮರುದಿನ ಅವರು ಉಗ್ರಾಣದವರನ್ನು ಕೇಳಿದರು. “ನಿಮಗೇ ಬೇಕಾದ್ರೆ ಎರಡು ತಗೊಂಡು ಹೋಗಿ, ಜಾಗ ಆಗುತ್ತೆ” ಎಂದರಂತೆ. ಒಂದನ್ನು ಅಂಗಡಿಗೇ ಹೊತ್ತು ತಂದರು. ಬ್ಯಾರಿ ಅದರ ಸಂದುಗಳಿಗೆ ನೀರು ಹೋಗದಂತೆ ಮುಚ್ಚಿ, ಮೇಲೆ ತೊಳೆಯಬಹುದಾದ ಗಟ್ಟಿ ಪ್ಲಾಸ್ಟಿಕ್ ಹಾಳೆ ಹೊದಿಸಿದ. ಕೆನ್ ಬಿಟ್ಟುಹೋಗಿದ್ದ ಟ್ರೌಟಿನ ಚರ್ಮ ತೆಗೆದ ತುಂಡೊಂದನ್ನು ಅದರ ಮೇಲಿಟ್ಟು ಸ್ವಿಚ್ ಹಾಕಿದೆವು.

ಆ ಮಾಂಸ ಒಳಗಿನಿಂದ ಹೊತ್ತಿಕೊಂಡಂತೆ ಕಿತ್ತಳೆ ಬಣ್ಣದಲ್ಲಿ ಬೆಳಗಿತು. ಮಾಂಸದ ಪದರಗಳು, ಅವುಗಳ ನಡುವಿನ ಬಿಳಿ ಗೆರೆಗಳು, ಒಂದು ಸಣ್ಣ ರಕ್ತನಾಳ. ಅಂಚಿನಲ್ಲಿ ಕಪ್ಪು ಎಳೆಯೊಂದು ಓರೆಯಾಗಿ ಮಲಗಿತ್ತು. ಬ್ಯಾರಿ ಚಿಮಟ ಹಾಕಿದ. ಮುಳ್ಳು. ಮೂವರೂ ಆ ಪೆಟ್ಟಿಗೆಯ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಬಗ್ಗಿದೆವು. ದಪ್ಪನೆಯ ಭಾಗಗಳಲ್ಲಿ ಬೆಳಕು ದಾಟುತ್ತಿರಲಿಲ್ಲ. ಅಂಥಲ್ಲಿ ಮಾಂಸವನ್ನು ಇನ್ನೂ ತೆಳ್ಳಗೆ ಸೀಳಿ ಇಟ್ಟೆವು. ಕೆನ್‌ಗೆ ಫೋನು ಮಾಡಿದೆ. ಬಂದು, ತಾನೂ ಬಗ್ಗಿ ನೋಡಿ, ಒಂದೊಂದು ತುಂಡನ್ನೂ ತಾನೇ ಒಪ್ಪಿ ತೆಗೆದುಕೊಂಡು ಹೋದ. ಆಹಾರ ತಪಾಸಣೆಗೆ ಬಂದ ಹೆಂಗಸು ಆ ಪೆಟ್ಟಿಗೆಯನ್ನು ಕಂಡು ಹುಬ್ಬು ಗಂಟಿಕ್ಕಿದಳು. ಬ್ಯಾರಿ ದೀಪ ಹಾಕಿದ. ಆಕೆ ಬಂದ ಕೆಲಸ ಮರೆತು ಬಹಳ ಹೊತ್ತು ನೋಡುತ್ತ ನಿಂತಳು. ಈಗ ಅಲ್ಲಿ ಅದಕ್ಕೆಂದೇ ಮಾಡಿಸಿದ ಉಕ್ಕಿನ ಮೇಜು ಇದೆ.

ನನ್ನ ಕೈಗೆ ಆಪರೇಷನ್ ಆಗಬೇಕೆಂದರು. ಮಣಿಕಟ್ಟಿನಲ್ಲಿ ಒಂದು ಗಟ್ಟಿ ಪಟ್ಟಿಯ ಕೆಳಗೆ ನರವೊಂದು ಅದುಮಿಹೋಗಿದೆ, ಆ ಪಟ್ಟಿ ಕತ್ತರಿಸಿದರೆ ನರ ಉಸಿರಾಡುತ್ತದೆ ಎಂದು ತಿಳಿಸಿದವಳು ನಿಧಿ ಎಂಬ ಹುಡುಗಿ ಡಾಕ್ಟರು. ಅಪ್ಪ ಅಮ್ಮ ಬೆಂಗಳೂರಿನವರು, ಇವಳು ಹುಟ್ಟಿದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

“ಪ್ರಜ್ಞೆ ತಪ್ಪಿಸ್ತೀರಾ?” ಎಂದು ಕೇಳಿದೆ.

“ನೋ ಆಂಟಿ, ಓನ್ಲಿ ದಿ ಹ್ಯಾಂಡ್. ಯು ವಿಲ್ ಬಿ ಅವೇಕ್.”

“ಹಾಗಾದ್ರೆ ನಂಗೆ ನೋಡ್ಬೇಕು.”

ಅವಳು ನಕ್ಕಳು. “ಮೋಸ್ಟ್ ಪೀಪಲ್ ಡೋಂಟ್ ವಾಂಟ್ ಟು.”

“ನಾನು ಎಷ್ಟು ಮೀನಿನ ಒಳಗೆ ನೋಡಿದ್ದೀನಿ ಗೊತ್ತಾ ಮಗಳೇ? ನನ್ನದು ಒಂದು ಸಲಾನೂ ನೋಡಿಲ್ಲ.”

ಅವಳು ತನ್ನ ಹಿರಿಯ ಡಾಕ್ಟರನ್ನು ಕೇಳಿಬಂದಳು. ತಲೆ ಸುತ್ತಿದರೆ ತಕ್ಷಣ ಹೇಳಬೇಕೆಂಬ ಷರತ್ತಿನ ಮೇಲೆ, ನಡುವೆ ಕಟ್ಟಿದ್ದ ಹಸಿರು ಬಟ್ಟೆಯನ್ನು ಕೆಳಗಿಳಿಸಿದರು. ಅಂಗೈಯ ಬುಡ ತೆರೆದಿತ್ತು. ನೋವಿರಲಿಲ್ಲ, ಯಾರದೋ ಕೈ ನೋಡಿದಂತಿತ್ತು. ಹಳದಿ ಕೊಬ್ಬು, ಅದರ ಕೆಳಗೆ ಮುತ್ತಿನ ಬಣ್ಣದ ಪಟ್ಟಿ. ಅದನ್ನು ನಿಧಿ ಮೆಲ್ಲಗೆ ಕತ್ತರಿಸುತ್ತ ಹೋದಂತೆ ಕೆಳಗಿನಿಂದ ನರ ಕಾಣಿಸಿಕೊಂಡಿತು. ಕೆನೆಯ ಬಣ್ಣ, ಮೇಲೊಂದು ಕೆಂಪು ನಾಳದ ಗೆರೆ. ಪಟ್ಟಿ ಕೂತಿದ್ದ ಕಡೆ ನರ ಚಪ್ಪಟೆಯಾಗಿತ್ತು, ಕಾಲಿಗೆ ಬಿಗಿಯಾದ ಚಪ್ಪಲಿಯ ಗುರುತು ಬಿದ್ದಂತೆ.

“ಅದೇನಾ?” ಎಂದೆ.

“ದಟ್ಸ್ ಇಟ್ ಆಂಟಿ. ದಟ್ ಈಸ್ ವಾಟ್ ಫೈಂಡ್ಸ್ ಯುವರ್ ಫಿಶ್ ಬೋನ್ಸ್.”

ನಾನು ಕಣ್ಣು ಮಿಟುಕಿಸದೆ ನೋಡಿದೆ. ಅಷ್ಟು ಸಣ್ಣದು. ಅದರ ಮೇಲೆ ಎಷ್ಟು ಭಾರ ಹೇರಿದ್ದೆ.

ಹೊಲಿಗೆ ಬಿಚ್ಚಿದ ಮೇಲೆ ಬೆರಳಿಗೆ ಬುದ್ಧಿ ಬರಲು ತಿಂಗಳುಗಳೇ ಹಿಡಿದವು. ಹೊಸಬರಿಗೆ ಈಗ ಹೇಳುತ್ತೇನೆ: ಚಾಕುವನ್ನು ಬಿಗಿ ಹಿಡಿಯಬೇಡಿ, ನಡುನಡುವೆ ಕೆಳಗಿಡಿ, ಕೈ ಬೆಚ್ಚಗಿಟ್ಟುಕೊಳ್ಳಿ, ಜೋಮು ಬಂದ ದಿನವೇ ಬಾಯಿಬಿಟ್ಟು ಹೇಳಿ. ನಾನು ಚಾಕು ಬಿಟ್ಟು, ಬಂದವರಿಗೆ ಕಲಿಸುತ್ತ, ಕೆಲಸದ ಕೊನೆಯ ತಿಂಗಳುಗಳನ್ನು ಬೆಳಕಿನ ಮೇಜಿನ ಮುಂದೆ ಕಳೆದೆ.

ಹಾಗಿರುವಾಗ ಒಂದು ಶನಿವಾರ ಮಧ್ಯಾಹ್ನ ಕೆನ್‌ನ ಕಾರು ಬಂತು. ಈ ಸಲ ಪಕ್ಕದ ಬಾಗಿಲೂ ತೆರೆಯಿತು. ಕೋಲೂರಿಕೊಂಡು, ನೀಲಿ ಕೋಟು ಹಾಕಿದ ಸಣ್ಣ ಹೆಂಗಸೊಬ್ಬಳು ಇಳಿದಳು. ಇಷ್ಟು ವರ್ಷ ಹೆಸರಷ್ಟೇ ಕೇಳಿದ್ದ ಮಾರ್ಗರೆಟ್.

“ನೀನೇ ಸೂ?” ಎಂದಳು. ಮಾತು ನಿಧಾನ, ಆದರೆ ತೊದಲಿಲ್ಲ. “ಇವತ್ತು ನಂಗೆ ಇಡೀ ಮೀನು ಬೇಕು. ತಲೆ, ಬಾಲ, ಮುಳ್ಳು, ಎಲ್ಲ.”

“ಅವಳ ಮಾತು ಕೇಳಬೇಡ, ಎಂದಿನ ಹಾಗೆ ಮಾಡು” ಎಂದ ಕೆನ್.

“ನುಂಗೋದನ್ನ ಪರೀಕ್ಷೆ ಮಾಡೋರು ಇನ್ನು ಏನು ಬೇಕಾದ್ರೂ ತಿನ್ನಬಹುದು ಅಂದಿದ್ದಾರೆ. ನಿಧಾನವಾಗಿ ತಿನ್ನು ಅಂತ ಮಾತ್ರ ಹೇಳಿದ್ದಾರೆ. ಇವನಿಗೆ ಅದು ಕೇಳಿಸ್ತಿಲ್ಲ” ಎಂದಳು ಮಾರ್ಗರೆಟ್. “ಬೇರೆಯವರು ನೋಡಿ ಕೊಟ್ಟದ್ದನ್ನೇ ಇಷ್ಟು ದಿನ ತಿಂದೆ. ಕೃತಜ್ಞತೆ ಇದೆ. ಸಾಕು.”

ಕೆನ್ ಅವಳ ಕಡೆ ತಿರುಗಿದ. “ನಾನು ಅವತ್ತು ಆಂಬ್ಯುಲೆನ್ಸ್‌ನಲ್ಲಿ ಕೂತಿದ್ದೆ ಮಾರ್ಗರೆಟ್. ನಿನಗೆ ನೆನಪಿಲ್ಲ.”

ಇಬ್ಬರೂ ನನ್ನನ್ನೇ ನೋಡಿದರು. ಯಾರ ಮಾತೂ ತಪ್ಪಿರಲಿಲ್ಲ. ನನ್ನನ್ನು ಕರೆದೊಯ್ಯಲು ಬಂದ ಗಂಡ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರ ಮುಖ ನೋಡಿದೆ. ಅವರು ಸಣ್ಣಗೆ ತಲೆಯಾಡಿಸಿ, ಕೋಟು ಬಿಚ್ಚಿ ಮೊಳೆಗೆ ಹಾಕಿದರು.

“ಮನೆಗೆ ತಗೊಂಡು ಹೋಗಬೇಡಿ. ಇಲ್ಲೇ ತಿನ್ನಿ. ಇವರು ನರ್ಸು, ಪಕ್ಕದಲ್ಲೇ ಕೂತಿರ್ತಾರೆ” ಎಂದೆ.

ಕೆನ್ ತಂದಿದ್ದ ಮೀನನ್ನು ಬ್ಯಾರಿ ಇಡಿಯಾಗಿ ಹೊಗೆಗೆ ಹಾಕಿದ. ಬೇಯುವವರೆಗೆ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತೆವು. ಕೆನ್ ಮಾತ್ರ ನಿಂತೇ ಇದ್ದ. ಚಿನ್ನದ ಬಣ್ಣಕ್ಕೆ ತಿರುಗಿದ ಮೀನು ತಟ್ಟೆಗೆ ಬಂದಾಗ ಬ್ಯಾರಿ ಅದರ ಪಕ್ಕ ಒಂದು ಫೋರ್ಕ್ ಇಟ್ಟ. ಮಾರ್ಗರೆಟ್ ಅದನ್ನು ಎತ್ತಿಕೊಂಡಳು.

“ಅದು ಬೇಡ. ಬೆರಳಲ್ಲಿ ತಿನ್ನಿ. ನಮ್ಮ ಕಡೆ ಹಾಗೇ. ಚೂರು ಚೂರು ಮುರೀರಿ, ಹೆಬ್ಬೆರಳಿಂದ ಹಿಸುಕಿ ನೋಡಿ. ಮುಳ್ಳು ಬಾಯಿಗೆ ಹೋಗೋಕೆ ಮುಂಚೆ ಬೆರಳಿಗೆ ಸಿಗುತ್ತೆ” ಎಂದೆ.

ಆಕೆ ಫೋರ್ಕ್ ಕೆಳಗಿಟ್ಟು, ಬಲಗೈ ತೊಳೆದು ಬಂದು ಕೂತಳು. ಒಂದು ಚೂರು ಮುರಿದಳು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿದಳು. ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದಳು. ನನ್ನ ಗಂಡ ಆಕೆಯ ಗಂಟಲನ್ನೇ ನೋಡುತ್ತಿದ್ದರು. ಇನ್ನೊಂದು ಚೂರು. ಬೆರಳುಗಳು ನಿಂತವು. ಏನನ್ನೋ ಹುಡುಕಿ, ಉಗುರಿನಿಂದ ಹಿಡಿದು, ಎಳೆದು, ಎತ್ತಿ ಹಿಡಿದಳು. ಕೂದಲಿನಷ್ಟು ಸಣ್ಣ ಮುಳ್ಳು.

“ನೋಡು ಕೆನ್, ಇದನ್ನ ನಾನೇ ತೆಗೆದೆ” ಎಂದು ತಟ್ಟೆಯ ಅಂಚಿಗೆ ಒರೆಸಿ, ಮತ್ತೆ ಮೀನಿಗೆ ಕೈ ಹಾಕಿದಳು.

ಮುಂದುಗಡೆ ಯಾರೋ ಗಿರಾಕಿ ಗಂಟೆ ಬಾರಿಸಿದರು. ಬ್ಯಾರಿ ಏಳಲಿಲ್ಲ. ಕೆನ್ ಒಂದು ಕುರ್ಚಿ ಎಳೆದು, ಹೆಂಡತಿಯ ಎದುರು ಕೂತು, ಅಂಗಿಯ ತೋಳು ಮಡಿಸಿದ. ಆಮೇಲೆ ಅವನೂ ಬೆರಳಿನಿಂದಲೇ ಬಾಲದ ಕಡೆಯಿಂದ ಒಂದು ಚೂರು ಮುರಿದುಕೊಂಡ.